ಮೇಷ್ಟ್ರ ಗುಡಿಸಲು

ಮೇಷ್ಟ್ರ ಹೆಂಡತಿ ಗಂಡನ ಹೆಣದ ಮುಖದಿಂದ ಕನ್ನಡಕ ತೆಗೆಯಲು ಕೈ ಚಾಚಿದಳು. ಹಳೇ ವಿದ್ಯಾರ್ಥಿಯೊಬ್ಬ ತಡೆದ.

"ಇರಲಿ ಬಿಡಿ ಮೇಡಂ. ಕನ್ನಡಕ ಇಲ್ದಿದ್ರೆ ನಮ್ಮ ಮೇಷ್ಟ್ರು ಅಂತಲೇ ಅನ್ಸಲ್ಲ."

ಸಿನಿಮಾ ಮೇಷ್ಟ್ರು ಅಂತ ಕಾಲೇಜಿನಲ್ಲಿ ಅವರಿಗೆ ಅಡ್ಡಹೆಸರು. ಪದ್ಯದ ಪಾಠಕ್ಕೆ ಬಂದು ಪುಸ್ತಕ ಮುಚ್ಚಿಟ್ಟು, ಹೋದ ವಾರ ಬಿಡುಗಡೆಯಾದ ಚಿತ್ರದ ಹಾಡು ಹಾಕುತ್ತಿದ್ದರು. "ನಾಯಕ ಊರು ಬಿಟ್ಟು ಬೆಟ್ಟ ಹತ್ತಿದ ಕೂಡಲೇ ಅವನೊಳಗೆ ಏನೋ ತೆರ್ಕೊಳ್ಳುತ್ತಲ್ಲ, ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಕವಿಗಳು ಹೇಳಿದ್ದೂ ಅದನ್ನೇ ಕಣ್ರೋ. ಮರದಲ್ಲಿರೋದೂ ನಿನ್ನಲ್ಲಿರೋದೂ ಒಂದೇ ಚೈತನ್ಯ. ಒಬ್ಬನೇ ಹೋಗಿ ನಿಂತೋನಿಗೆ ಮಾತ್ರ ಗೊತ್ತಾಗೋದು." ಉಳಿದ ಮೇಷ್ಟ್ರುಗಳು ಮುಸಿಮುಸಿ ನಗುತ್ತಿದ್ದರು. ಹುಡುಗರು ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು.

ಮನೆ ಬಾಗಿಲ ಬಳಿ ಗುಸುಗುಸು ನಿಂತಿತು. ಬಟ್ಟೆ ಹೊಲಿಯುವ ಹೆಂಗಸು ಒಳಗೆ ಬಂದಳು. ಹನ್ನೊಂದು ವರ್ಷದ ಹಿಂದೆ ಒಬ್ಬನೇ ಕಾಡಿಗೆ ಹೋಗಿ ಹೆಣವಾದ ವಿದ್ಯಾರ್ಥಿಯ ತಾಯಿ.

*

ಆ ಹುಡುಗ ಇದೇ ಕೋಣೆಯಲ್ಲಿ ಕೇಳಿದ್ದ: "ಸರ್, ನೀವು ಹಂಗೆ ಒಬ್ರೇ ಕಾಡಿಗೆ ಹೋಗಿದ್ರಾ?"

ಮೇಷ್ಟ್ರಿಗೆ ಹಲ್ಲಿ ಕಂಡರೂ ಮೈ ಜುಮ್ಮೆನ್ನುತ್ತಿತ್ತು. ಆದರೆ ಹುಡುಗನ ಮುಖ ನೋಡಿ ಉಬ್ಬಿದರು.

"ಮದುವೆಯಾದ ಹೊಸದರಲ್ಲಿ, ಮೂರು ತಿಂಗಳು. ಬೆಟ್ಟದಾಚೆ ತೊರೆ ಪಕ್ಕ ಒಂದು ಗುಡಿಸಲಿದೆ. ಈಗಲೂ ಇರಬೇಕು."

ಆ ಮೂರು ತಿಂಗಳು ಅವರು ಕಾಮಾಲೆ ಹಿಡಿದು ಅತ್ತೆ ಮನೆಯಲ್ಲಿ ಮಲಗಿ, ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದರು. ಹೆಂಡತಿಗೆ ಅದು ಗೊತ್ತಿತ್ತು. ಗಂಡನ ಮಾನ ಕಳೆಯುವುದೇಕೆಂದು ಟೀ ಲೋಟ ಇಟ್ಟು ಒಳಗೆ ಹೋದಳು.

ಗುಡಿಸಲು ಹುಡುಕಿಕೊಂಡು ಹೋದ ಹುಡುಗ ಎಂಟನೇ ದಿನ ಸಿಕ್ಕ. ಹಸಿವಿಗೆ, ಚಳಿಗೆ ಸತ್ತಿದ್ದ.

"ದಾರಿ ತಪ್ಪಿರಬೇಕು, ಪಾಪ," ಎಂದರು ಮೇಷ್ಟ್ರು, ಪೊಲೀಸರ ಮುಂದೆ.

*

"ಬೈಯೋಕೆ ಬಂದಿಲ್ಲಮ್ಮ," ಎಂದಳು ತಾಯಿ. "ಇನ್ನೊಂಚೂರು ನಡೆದಿದ್ರೆ ಗುಡಿಸಲು ಸಿಗ್ತಿತ್ತು, ಅಲ್ವಾ? ಅದನ್ನೇ ಅಂದ್ಕೊಂಡು ಇಷ್ಟು ವರ್ಷ ಕಳೆದೆ. ಒಂದ್ಸಲ ಕಣ್ಣಲ್ಲಿ ನೋಡ್ಬೇಕು. ಮೇಷ್ಟ್ರು ನಿಮ್ಗೆ ಹೇಳಿರ್ತಾರೆ, ಇನ್ನು ದಾರಿ ಹೇಳೋರು ನೀವೊಬ್ರೇ."

ಗುಡಿಸಲೇ ಇಲ್ಲ ಎಂಬ ಮಾತು ಹೆಂಡತಿಯ ನಾಲಗೆ ತುದಿಗೆ ಬಂತು.

"ಹೇಳಿ ಮೇಡಂ," ಎಂದ ಹಳೇ ವಿದ್ಯಾರ್ಥಿ, ಒದ್ದೆ ಕಣ್ಣು ಒರೆಸಿಕೊಳ್ಳುತ್ತ. "ನಾವೂ ಹೋಗ್ಬರ್ತೀವಿ, ಮೇಷ್ಟ್ರ ನೆನಪಿಗೆ."

ತಾಯಿ ಚೀಲದಿಂದ ಅಳತೆ ಬರೆಯುವ ಪುಸ್ತಕ, ಪೆನ್ಸಿಲ್ ತೆಗೆದಳು. "ತೊರೆ ದಾಟಿ ಎಡಕ್ಕಾ, ಬಲಕ್ಕಾ?"

ಕೋಣೆಯಲ್ಲಿದ್ದವರೆಲ್ಲ ಹೆಂಡತಿಯ ಮುಖ ನೋಡುತ್ತಿದ್ದರು.

"ಎಡಕ್ಕೆ," ಎಂದಳು.

ಪೆನ್ಸಿಲ್ ಈಸಿಕೊಂಡು ತೊರೆ ಬರೆದಳು. ಪಕ್ಕದಲ್ಲಿ ಗುಡಿಸಲು. ಕೈ ನಿಲ್ಲಲಿಲ್ಲ. ಒಂದು ಬಾಗಿಲು ಬರೆದಳು, ಅದರ ಪಕ್ಕ ಇನ್ನೊಂದು ಚಿಕ್ಕ ಚೌಕ.

ತಾಯಿ ಬಗ್ಗಿ ನೋಡಿದಳು. "ಕಿಟಕಿನೂ ಇತ್ತಾ!" ಅಂತ ನಕ್ಕಳು.