ರಸ್ತೆ ದಾಟಿದ ಮಾತ್ರೆ

ಮೆರ್ಲ್ ಸತ್ತು ಮಣ್ಣಾದ ಮೇಲೂ ಅವನ ಹೆಸರಿಗೆ ಔಷಧಿ ಬರುವುದು ನಿಲ್ಲಲಿಲ್ಲ. ಚರ್ಚಿನ ಹೆಂಗಸರು ಅಡುಗೆ ತುಂಬಿ ತಂದಿಟ್ಟ ಕ್ಯಾಸರೋಲ್ ಪಾತ್ರೆಗಳು ತೊಳೆಸಿಕೊಂಡು ಅವರವರ ಮನೆ ಸೇರಿದವು, ಸಂತಾಪದ ಕಾರ್ಡುಗಳು ನಿಂತವು, ಸಮಾಧಿಯ ಮೇಲೆ ಹುಲ್ಲೂ ಹುಟ್ಟಿತು. ಅಂಚೆಯಲ್ಲಿ ಔಷಧಿ ಕಳಿಸುವ ಕಂಪನಿಗೆ ಮಾತ್ರ ಮೆರ್ಲ್ ಇನ್ನೂ ಗಟ್ಟಿಮುಟ್ಟಾಗಿಯೇ ಇದ್ದ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅವನ ಮಾತ್ರೆಯ ಬಾಟಲಿ ಹೊತ್ತುಹೊತ್ತಿಗೆ ಬಂದು ಗೇಟಿನ ಡಬ್ಬಿಗೆ ಬೀಳುತ್ತಿತ್ತು.

ಅವನ ಹೆಂಡತಿ ಆರ್ಡಿಸ್ ಫೋನ್ ಮಾಡಿ ವಿಷಯ ತಿಳಿಸಿದಳು.

"ಖಾತೆದಾರರೇ ಮಾತಾಡ್ಬೇಕು ಮೇಡಂ. ಒಂದ್ನಿಮಿಷ ಅವರ ಕೈಗೆ ಫೋನ್ ಕೊಡ್ತೀರಾ?" ಎಂದಿತು ಆ ಕಡೆಯ ದನಿ.

"ಕೊಡಬಹುದಿತ್ತು ಕಣಮ್ಮ. ಆದ್ರೆ ಮೊದಲು ಮಣ್ಣು ಅಗೀಬೇಕಲ್ಲ."

"ಹಾಗಾದ್ರೆ ಅವರಿಗೆ ಬಿಡುವಾದಾಗ ಫೋನ್ ಮಾಡೋಕೆ ಹೇಳಿ."

ವಾಪಸು ಕಳಿಸುತ್ತೇನೆಂದರೆ, ಒಮ್ಮೆ ಹೊರಗೆ ಹೋದ ಔಷಧಿಯನ್ನು ತಾವು ಮುಟ್ಟುವಂತಿಲ್ಲ, ಎಸೆದುಬಿಡಿ ಎಂದರು. ಬ್ರೆಡ್ಡು ಬಂದ ಕವರನ್ನೂ ತೊಳೆದು ಒಣಹಾಕುವ ಆರ್ಡಿಸ್ ಎಸೆಯುವ ಪೈಕಿಯವಳಲ್ಲ. ಸೀಲು ಒಡೆಯದ ಬಾಟಲಿಗಳನ್ನು ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಇಟ್ಟಳು. ಕೊನೆಗೆ ಮರಣ ಪ್ರಮಾಣಪತ್ರದ ಪ್ರತಿಯನ್ನೇ ಲಕೋಟೆಗೆ ಹಾಕಿ, ಕೆಟ್ಟ ಕೋಪದ ಒಂದು ಕಾಗದವನ್ನೂ ಜೊತೆಗಿಟ್ಟು ಕಂಪನಿಗೆ ಕಳಿಸಿದಳು.

ಆ ಮಾತ್ರೆ ನಿಜವಾಗಿ ಬೇಕಾಗಿದ್ದವನು ರಸ್ತೆಯ ಆಚೆ ಬದಿಯಲ್ಲೇ ಇದ್ದ. ಟ್ರ್ಯಾಕ್ಟರ್ ರಿಪೇರಿಯ ರೋಲಿ ಬೆನೆಷ್. ಅವನು ದುಡಿಯುತ್ತಿದ್ದ ಅಂಗಡಿ ಬಾಗಿಲು ಹಾಕಿದಾಗ ಕೆಲಸದ ಜೊತೆಗೆ ಆರೋಗ್ಯ ವಿಮೆಯೂ ಹೋಯಿತು. ಅದೇ ಚಳಿಗಾಲದಲ್ಲಿ ಅವನ ಎಡಗಾಲಿನಲ್ಲಿ ರಕ್ತ ಗಂಟುಕಟ್ಟಿ, ಅದು ಶ್ವಾಸಕೋಶದವರೆಗೂ ಹೋಗಿ, ಬದುಕಿದ್ದೇ ಹೆಚ್ಚಾಯಿತು. ಡಾಕ್ಟರು ಬರೆದುಕೊಟ್ಟದ್ದು ಮೆರ್ಲ್ ನುಂಗುತ್ತಿದ್ದ ಮಾತ್ರೆಯನ್ನೇ. ಔಷಧಿ ಅಂಗಡಿಯಲ್ಲಿ ಅದರ ಬೆಲೆ ಕೇಳಿದರೇ ಗಂಟು ಮೇಲಕ್ಕೇರಬೇಕು, ಹಾಗಿತ್ತು. ರೋಲಿ ಬೆಳಗಿನದನ್ನು ನುಂಗಿ ಸಂಜೆಯದನ್ನು ನಾಳೆಗೆ ಎತ್ತಿಡುತ್ತಿದ್ದ. ಬೂಟಿನ ದಾರ ಕಟ್ಟಲಾಗದೆ ಅವನು ಅಂಗಳದಲ್ಲಿ ಕುಂಟುವುದನ್ನು ಆರ್ಡಿಸ್ ಕಿಟಕಿಯಿಂದ ನೋಡಿದಳು. ಎರಡು ಬಾಟಲಿ ಏಪ್ರನ್ ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದಳು.

"ತಗೋ ರೋಲಿ. ಮೆರ್ಲ್‌ದು. ಸೀಲೂ ಒಡೆದಿಲ್ಲ."

"ಬೇಡಿ ಆರ್ಡಿಸ್. ನಮ್ಮ ಮನೆತನದಲ್ಲಿ ಯಾರೂ ಇನ್ನೊಬ್ಬರ ಮುಂದೆ ಕೈ ಚಾಚಿದೋರಲ್ಲ."

"ಕೈ ಚಾಚೋದು ಬೇಡ, ಆ ಕಾಲು ಚಾಚು ನೋಡೋಣ. ಕುಂಬಳಕಾಯಿ ಆಗಿದೆ."

"ಇವತ್ತು ಮಾತ್ರೆ ತಗೊಂಡ್ರೆ ನಾಳೆ ನೀವು ಹಣ್ಣಿನ ಪೈ ಮಾಡ್ಕೊಂಡು ಬರ್ತೀರಿ. ನಾಡಿದ್ದು ಊರಿಗೆ ಊರೇ ಕ್ಯಾಸರೋಲ್ ಹೊತ್ಕೊಂಡು ಬರುತ್ತೆ. ನಾನಿನ್ನೂ ಸತ್ತಿಲ್ಲ."

"ಅದಕ್ಕೇನು, ಅವಸರದಲ್ಲಿದ್ದೀಯಲ್ಲ. ಸರಿ, ಸರ್ಕಾರ ಕೊಟ್ರೆ ತಗೋತೀಯಾ?"

ರೋಲಿಯ ಪಿಕಪ್ ಗಾಡಿಯ ಹಿಂದೆ 'ಸರ್ಕಾರವೇ, ನನ್ನ ಜೇಬಿನಿಂದ ಕೈ ತೆಗಿ' ಎಂದು ದಪ್ಪ ಅಕ್ಷರದಲ್ಲಿ ಅಂಟಿಸಿತ್ತು. ಅವನು ಗಡ್ಡ ಕೆರೆದುಕೊಂಡ.

"ಅದು ಬೇರೆ ಮಾತು. ಇಷ್ಟು ವರ್ಷ ನನ್ನಿಂದ ಕಿತ್ಕೊಂಡಿದ್ದಾರೆ. ಅವರು ಕೊಟ್ರೆ ಅದು ನಂದೇ ವಾಪಸ್ ಬಂದಂಗೆ."

ಸರ್ಕಾರದ್ದೂ ಒಂದು ಏರ್ಪಾಟಿತ್ತು. ಜನ ಬಳಸದೆ ಬಿಟ್ಟ ಔಷಧಿಯನ್ನು ರಾಜಧಾನಿಯ ಉಗ್ರಾಣಕ್ಕೆ ಕೊಡುವುದು, ಅಲ್ಲಿಯವರು ಪರೀಕ್ಷೆ ಮಾಡಿ ಇಲ್ಲದವರಿಗೆ ಪುಕ್ಕಟೆ ಹಂಚುವುದು. ಆರ್ಡಿಸ್ ರೋಲಿಯನ್ನು ಕೌಂಟಿ ಕ್ಲಿನಿಕ್ಕಿಗೆ ಅಟ್ಟಿ ಅರ್ಜಿ ಹಾಕಿಸಿದಳು. ಇನ್ನು ಬಾಟಲಿಗಳು ರಾಜಧಾನಿಗೆ ಹೋಗಿ ಬಂದರೆ ಆಯಿತು ಎಂದುಕೊಂಡಳು. ಅಷ್ಟರಲ್ಲಿ ಲವೋನ್ ಮಧ್ಯೆ ಬಂದಳು.

ಲವೋನ್ ಎಂದರೆ ಚರ್ಚಿನ ಮಹಿಳಾ ಮಂಡಳಿ. ಮಂಡಳಿ ಎಂದರೆ ಲವೋನ್. ಕೌಂಟಿ ಜಾತ್ರೆಯ ಉಪ್ಪಿನಕಾಯಿ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಬೇರೆಯವರ ಎದೆಗೆ ಹೋಗಲು ಬಿಟ್ಟವಳಲ್ಲ. ಈ ಭಾನುವಾರ ಔಷಧಿ ದಾನ, ರಾಜಧಾನಿಯಿಂದ ವ್ಯಾನೇ ಬರುತ್ತದೆ, ಪತ್ರಿಕೆಯವರೂ ಬರುತ್ತಾರೆ ಎಂದು ಸಾರಿದಳು. ವ್ಯಾನು ಅಂಚೆಗಿಂತ ಬೇಗ ಎಂದು ಲೆಕ್ಕ ಹಾಕಿ ಆರ್ಡಿಸ್ ಕಪಾಟು ಖಾಲಿ ಮಾಡಿ ಎಲ್ಲವನ್ನೂ ಚರ್ಚಿನ ಬುಟ್ಟಿಗೆ ಹಾಕಿದಳು.

ಭಾನುವಾರ ಚರ್ಚಿನ ನೆಲಮನೆಗೆ ಇಳಿದವಳು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಉದ್ದ ಮೇಜಿನ ಮೇಲೆ ಬಾಟಲಿಗಳಿರಲಿಲ್ಲ. ಗಾಜಿನ ಜಾಡಿಗಳಿದ್ದವು. ಸೌತೆಕಾಯಿ, ಬೀಟ್‌ರೂಟ್ ಉಪ್ಪಿನಕಾಯಿ ಹಾಕಿಡುವ ಜಾಡಿಗಳು. ಮುಚ್ಚಳದ ಮೇಲೆ ಕೆಂಪು ಚೌಕಳಿ ಬಟ್ಟೆಯ ಟೋಪಿ, ಕೊರಳಿಗೆ ರಿಬ್ಬನ್, ಒಳಗೆ ಕಂಠಮಟ್ಟ ಮಾತ್ರೆ. ದುಂಡನೆಯ ಅಕ್ಷರದಲ್ಲಿ ಚೀಟಿ ಅಂಟಿಸಿತ್ತು: 'ಹೃದಯದ್ದು', 'ಸಕ್ಕರೆಯದು', 'ರಕ್ತದ್ದು'. ತುದಿಯಲ್ಲಿದ್ದ ನೀಲಿ ಮಾತ್ರೆಯ ಜಾಡಿಗೆ 'ಯಾವುದೋ ಗೊತ್ತಿಲ್ಲ, ಆದರೆ ಚೆನ್ನಾಗಿದೆ'.

"ಏನೇ ಇದು ಲವೋನ್?"

"ಕೊಟ್ಟೋರ ಹೆಸರು ಕಾಣಬಾರದು ಅಂತ ಉಗ್ರಾಣದವರೇ ಹೇಳಿದಾರೆ ಕಣೇ. ಆ ಲೇಬಲ್ ಕಿತ್ರೆ ಬರಲ್ಲ. ಶನಿವಾರ ನಾವೆಲ್ಲ ಕೂತು ಒಂದೊಂದೇ ಸೀಲ್ ಬಿಚ್ಚಿ ಸುರಿದ್ವಿ. ಉಗುರೆಲ್ಲ ಹೋಯ್ತು. ಬಡವರು ಅಂತ ಪ್ಲಾಸ್ಟಿಕ್ ಬಾಟ್ಲಿಲಿ ಕೊಡಕ್ಕಾಗುತ್ತಾ?"

ಪಾದ್ರಿಗಳು ಜಾಡಿಗಳ ಮೇಲೆ ಕೈಯೆತ್ತಿ ಆಶೀರ್ವದಿಸಿದರು. ಪತ್ರಿಕೆಯವನು ಪಟ ತೆಗೆದ. ಆಮೇಲೆ ರಾಜಧಾನಿಯಿಂದ ಬಂದ ಟೆಸ್ ಎಂಬ ಹುಡುಗಿ ಒಳಗೆ ಬಂದಳು. ಅವಳ ಮುಖದ ನಗು ಮೇಜಿನ ಅರ್ಧ ದಾರಿಯವರೆಗೆ ಬಂದು ಅಲ್ಲೇ ಆರಿತು.

"ಮೇಡಂ... ಇವುಗಳ ಸೀಲ್ ಎಲ್ಲಿ?"

"ಮುಚ್ಚಳ ತಿರುಗಿಸಿ ನೋಡಮ್ಮ. ಉಸಿರೂ ಆಡಲ್ಲ. ಇವತ್ತಿನವರೆಗೆ ನನ್ನ ಒಂದು ಜಾಡೀನೂ ಹುಳಿ ಹಿಡಿದಿಲ್ಲ."

"ಇವನ್ನ ಯಾರಿಗೂ ಕೊಡೋಕಾಗಲ್ಲ. ಯಾವುದು ಯಾವುದು ಅಂತ ಯಾರು ಹೇಳೋದು? ಎಲ್ಲ ಸುಡಬೇಕಾಗುತ್ತೆ."

ಲವೋನ್ ಎದೆ ಹಿಡಿದುಕೊಂಡಳು.

"ಸುಡೋದಾ? ಜಾಡಿ ಸಮೇತವಾ?"

"ಜಾಡಿ ನೀವೇ ಇಟ್ಕೊಳ್ಳಿ."

"ಅಬ್ಬ! ದೇವರು ದೊಡ್ಡೋನು," ಎಂದು ಲವೋನ್ ಕುರ್ಚಿಯಲ್ಲಿ ಕುಸಿದಳು.

ಆರ್ಡಿಸ್ 'ರಕ್ತದ್ದು' ಎಂಬ ಜಾಡಿಯನ್ನು ನೋಡುತ್ತ ನಿಂತಳು. ಅದರಲ್ಲಿ ಮೆರ್ಲ್‌ನ ಮಾತ್ರೆಗಳ ಜೊತೆ ಇನ್ಯಾರದೋ ಮಾತ್ರೆಗಳು ಬೆರೆತಿದ್ದವು. ಹುಡುಗಿಯ ಮೇಲೆ ಕೋಪ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಈ ಜಾಡಿಗೆ ಕೈ ಹಾಕಿ ತಿನ್ನು ಎಂದರೆ ತಾನೇ ತಿನ್ನುತ್ತಿರಲಿಲ್ಲ. ಕಾನೂನು ಸರಿಯಾಗಿಯೇ ಇತ್ತು. ಲವೋನಳ ಮನಸ್ಸೂ ಒಳ್ಳೆಯದೇ. ಎರಡರ ನಡುವೆ ರೋಲಿಯ ಕಾಲು ಊದುತ್ತಿತ್ತು.

ಉಗ್ರಾಣದಲ್ಲಿ ಬೇರೆ ಇದೆಯೇ ಎಂದು ಕೇಳಿದಳು. ಆ ಮಾತ್ರೆಗೆ ಎಲ್ಲಿಲ್ಲದ ಬೇಡಿಕೆ, ಸದ್ಯ ಒಂದೂ ಇಲ್ಲ, ಅರ್ಜಿಗಳು ಮಾತ್ರ ರಾಶಿ ಇವೆ ಎಂದಳು ಟೆಸ್.

ಮನೆಗೆ ಬಂದಾಗ ರೋಲಿ ಬೇಲಿಯ ಹತ್ತಿರ ನಿಂತಿದ್ದ. ಇನ್ನು ಈ ವಾರಕ್ಕೆ ಸಾಕಾಗುವಷ್ಟು ಮಾತ್ರೆಯೂ ಅವನ ಹತ್ತಿರ ಇಲ್ಲವೆಂದು ಅವನು ಹೇಳಲಿಲ್ಲ. ಮಾತನ್ನು ಮಳೆಯ ಕಡೆಗೆ ತಿರುಗಿಸಿದ್ದರಿಂದ ಆರ್ಡಿಸ್‌ಗೆ ಗೊತ್ತಾಯಿತು. ಕಪಾಟು ಖಾಲಿ. ಉಳಿದದ್ದು ಕಂಪನಿಯ ಮುಂದಿನ ಬಾಟಲಿ ಒಂದೇ. ಆದರೆ ಮರಣ ಪ್ರಮಾಣಪತ್ರ ಕಳಿಸಿ ಅದನ್ನು ನಿಲ್ಲಿಸಲು ಹೊರಟವಳು ತಾನೇ. ಜೀವಮಾನದಲ್ಲಿ ಮೊದಲ ಸಲ ಆರ್ಡಿಸ್, ಆ ಕಂಪನಿ ತನ್ನ ಮಾತು ಕೇಳದಿರಲಿ ಎಂದು ಮೊಣಕಾಲೂರಿ ಬೇಡಿಕೊಂಡಳು.

ಕಂಪನಿ ಕೈಬಿಡಲಿಲ್ಲ. ಮಂಗಳವಾರ ಪೊಟ್ಟಣ ಬಂತು. ಜೊತೆಗೆ ಒಂದು ಕಾಗದ: 'ಮಾನ್ಯ ಮೆರ್ಲ್ ಅವರೇ, ತಮ್ಮ ನಿಧನದ ಸುದ್ದಿ ತಿಳಿದು ವಿಷಾದವಾಯಿತು. ಮುಂದಿನ ಕಂತಿನ ಔಷಧಿಯನ್ನು ಇದರೊಂದಿಗೆ ಕಳಿಸಿದ್ದೇವೆ.'

ಆರ್ಡಿಸ್ ಅದನ್ನು ಲವೋನಳ ಕಣ್ಣಿಗೆ ಬೀಳದಂತೆ ಸ್ವೆಟರಿನಲ್ಲಿ ಸುತ್ತಿ, ಮುಸುಕಿನ ಜೋಳದ ಹೊಲಗಳ ನಡುವೆ ತಾನೇ ಕಾರು ಓಡಿಸಿಕೊಂಡು ರಾಜಧಾನಿಗೆ ಹೋದಳು. ಟೆಸ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೆರ್ಲ್‌ನ ಹೆಸರಿನ ಮೇಲೆ ಕಪ್ಪು ಮಸಿಯ ಗೆರೆ ಎಳೆದಳು. ಹೆಸರು ಮರೆಸುವ ಕೆಲಸ ಅಷ್ಟೇ.

"ನಮ್ಮ ರೋಲಿಗೇ ಕೊಡಮ್ಮ."

"ಹಾಗೆ ಹೆಸರು ಹೇಳಿ ಕೊಡೋಕೆ ಬರಲ್ಲ. ಯಾರಿಗೆ ಮೊದಲು ಬೇಕೋ ಅವರಿಗೆ ಹೋಗುತ್ತೆ."

"ಅವನ ಕಾಲು ನೋಡಿದ್ರೆ ನೀನೇ ಓಡಿ ಬರ್ತೀಯ. ಇದು ಹೊರಟ ಮನೆಗೂ ಅವನ ಮನೆಗೂ ಎಷ್ಟು ದೂರ ಗೊತ್ತಾ? ಒಂದು ರಸ್ತೆ."

ಟೆಸ್ ಅರ್ಜಿಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಕ್ಲಿನಿಕ್ಕಿನವರು ಇದಕ್ಕೆ 'ತುರ್ತು' ಅಂತ ಬರೆದಿದಾರೆ," ಎಂದಳು. ರೋಲಿಯ ಅರ್ಜಿಯನ್ನು ರಾಶಿಯ ಮೇಲಕ್ಕಿಟ್ಟಳು. ಆರ್ಡಿಸ್ ಕಾರಿನಲ್ಲಿ ಕೂತು ಸ್ವಲ್ಪ ಅತ್ತಳು, ಆಮೇಲೆ ದಾರಿಯಲ್ಲಿ ಒಂದು ಹೋಳು ಪೈ ತಿಂದಳು.

ಶುಕ್ರವಾರ ರೋಲಿ ಬಾಟಲಿ ಎತ್ತಿ ಹಿಡಿದು, ಕುಂಟುತ್ತಲೇ ರಸ್ತೆ ದಾಟಿ ಬಂದ.

"ನೋಡಿ ಆರ್ಡಿಸ್! ಸೀದಾ ರಾಜಧಾನಿಯಿಂದ! ಯಾರ ಹಂಗೂ ಇಲ್ಲ. ನನ್ನ ತೆರಿಗೆ, ನನ್ನ ಮಾತ್ರೆ."

"ಹೌದಾ? ಭೇಷ್. ಎರಡು ಹೊತ್ತೂ ನುಂಗ್ತೀಯಾ ಈಗ?"

"ಸರ್ಕಾರದ್ದಲ್ವಾ, ಬಿಡ್ತೀನಾ! ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ಮೆರ್ಲ್‌ದು ಆ ಬಾಟ್ಲಿಗಳು ಇನ್ನೂ ಇದ್ರೆ ಸುಮ್ನೆ ಕಪಾಟಲ್ಲಿ ಕೊಳೆಸಬೇಡಿ, ಅವರಿಗೇ ಕಳಿಸಿ. ಪಾಪ, ಯಾರಾದ್ರೂ ಬಡವರಿಗೆ ಆಗುತ್ತೆ."

ಆರ್ಡಿಸ್ ನಾಲಿಗೆಯ ತುದಿಗೆ ಬಂದದ್ದನ್ನು ಒಂದು ಗುಟುಕು ಕಾಫಿಯ ಜೊತೆ ನುಂಗಿದಳು. "ಒಳ್ಳೇ ಯೋಚನೆ," ಎಂದಳು.

ಕೆಲವು ವಾರ ಕಳೆದು ಫೋನು ಬಂತು. ಯಂತ್ರದ ದನಿ, ಜೇನು ಸುರಿದಂತೆ: "ಮೆರ್ಲ್ ಅವರೇ, ನಮ್ಮ ಔಷಧಿಯಿಂದ ತಮಗೆ ಗುಣವಾಗಿದೆಯೇ? ಹೌದಾದರೆ ಒಂದನ್ನು ಒತ್ತಿ."

ಕಿಟಕಿಯಾಚೆ ರೋಲಿ ತನ್ನ ಅಂಗಳದಲ್ಲಿ ಬಗ್ಗಿ ಕೂತು, ಎಡಗಾಲಿನ ಬೂಟಿನ ದಾರವನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದ.

ಆರ್ಡಿಸ್ ಒಂದನ್ನು ಒತ್ತಿದಳು.