ತಣ್ಣಗಿದ್ದ ಮುಳ್ಳಿಲಿ

ಕಾರಿಡಾರಿನ ಕೊನೆಯಲ್ಲಿ ಫ್ರಿಜ್ಜು ಗುರ್ ಅನ್ನುತ್ತಿದೆ, ಬೆಳಗ್ಗೆಯಿಂದಲೂ ಅನ್ನುತ್ತಿತ್ತು, ಈಗ ಮಾತ್ರ ಎದೆಯೊಳಗೇ ಗುರುಗುಟ್ಟಿದ ಹಾಗೆ — ಅವನು ಊಟದ ಡಬ್ಬಿಯನ್ನೂ ಮುಚ್ಚದೆ ಎದ್ದುಬಂದಿದ್ದಾನೆ, ಎಲೆಕ್ಟ್ರಿಷಿಯನ್ ಕೈ ತೊಳೆಯುತ್ತಾ ಹೇಳಿದ್ದಿಷ್ಟೇ, ನಿಮ್ಮ ಮುಳ್ಳಿಲಿ ಗೂಡಿನ ಶಾಖದ ದೀಪ ನಿನ್ನೇನೇ ಸುಟ್ಟುಹೋಗಿತ್ತಂತೆ, ಈಗ ಹೊಸದು ಹಾಕ್ದೆ. ಅಂದರೆ ರಾತ್ರಿಯೆಲ್ಲ ಚಳಿ. ಮೃಗಾಲಯಕ್ಕೆ ಹೊಸಬರು ಕೆಲಸಕ್ಕೆ ಬಂದಾಗಲೆಲ್ಲ ಪಾಠ ಒಪ್ಪಿಸುವವನು ಇವನೇ, ಮರಳುಗಾಡಿನ ಜೀವ ಇದು, ಅಂಗೈಯಗಲ, ಚಳಿ ಬಿದ್ರೆ ಉಂಡೆಯಾಗಿ ಮೈ ತಣ್ಣಗೆ ಮಾಡ್ಕೊಂಡು ಮಲಗಿಬಿಡುತ್ತೆ, ಉಸಿರು ಯಾವಾಗಲೋ ಒಂದ್ಸಲ, ಸತ್ತೋಯ್ತು ಅಂದ್ಕೊಂಡೀರಾ ಮತ್ತೆ — ದೊಡ್ಡ ಪಂಡಿತ. ಬೆಳಗ್ಗೆ ಅದೇ ಉಂಡೆ ತಣ್ಣಗೆ ಕೈಗೆ ಬಂದಾಗ, ಅಯ್ಯೋ ನಮ್ಮ ಮುದುಕಿ ಹೋಗಿಬಿಟ್ಟಳಲ್ಲ ಎಂದು ಕಣ್ಣೊರೆಸಿಕೊಂಡು, ಡಾಕ್ಟರು ಬಂದು ಕೊಯ್ದು ನೋಡಲಿ ಅಂತ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ವಾಸನೆ ಬರಬಾರದೆಂದು ಮುಚ್ಚಳ ಬಿಗಿಯಾಗಿ ಒತ್ತಿ, ಫ್ರಿಜ್ಜಿಗೆ. ಮನೆಯಲ್ಲಿ ಅಮ್ಮನ ಮೂಗಿನ ಹತ್ತಿರ ದಿನಾ ಹಿಂಗೈ ಹಿಡಿದು ನೋಡುತ್ತಾನೆ, ಅವಳು ಕಣ್ಣೂ ಬಿಡದೆ, ಇನ್ನೂ ಇದೀನಿ ಕಣೋ, ಹೋಗಿ ಕಾಫಿ ಇಡು ಅನ್ನುತ್ತಾಳೆ, ಇದಕ್ಕೆ ಮಾತ್ರ ಹಿಡಿಯಲಿಲ್ಲ, ಮುಳ್ಳಿನೊಳಗೆ ಮೂಗನ್ನು ಎಲ್ಲಿ ಹುಡುಕೋದು, ವಯಸ್ಸಾಗಿತ್ತು, ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ನಿದ್ದೆಯಲ್ಲೇ ಇರಬಹುದು, ತಣ್ಣಗಿರುವ ಜಾಗವೇ ತಾನೇ, ಉಂಡೆ ಉಂಡೆಯಾಗೇ ಇದ್ದರೆ ಅಂಗಿಯೊಳಗೆ ಎದೆಗಿಟ್ಟುಕೊಂಡು ನಿಧಾನಕ್ಕೆ ಬೆಚ್ಚಗೆ ಮಾಡಿದರಾಯ್ತು, ದೇವರೇ, ಉಂಡೆಯಾಗಿರಲಿ — ಪಾಠದ ಉಳಿದರ್ಧ ಬೆನ್ನಿಗೇ ಬರುತ್ತಿದೆ, ಚಳಿ ತೀರಾ ಹೆಚ್ಚಾದ್ರೆ ಎಚ್ಚರ ಆಗುತ್ತೆ, ಎದ್ದು ಬೆಚ್ಚಗಿರೋ ಜಾಗ ಹುಡುಕುತ್ತೆ. ಎಲ್ಲಿ ಹುಡುಕುತ್ತೆ, ಡಬ್ಬಿಯಲ್ಲಿ? ಮುಚ್ಚಳಕ್ಕೆ ಒತ್ತಿದ ಮೂಗು, ಬೇಡ, ಅದನ್ನು ನೆನೆಯಬಾರದು, ಕಸ ಗುಡಿಸುವ ಅಕ್ಕ ಆಗಲೇ ಅಂದಿದ್ದಳಲ್ಲ, ಫ್ರಿಜ್ಜೊಳಗೆ ಏನೋ ಕೆರೀತಿದೆ ನೋಡಣ್ಣ, ಇಲಿ ಹೊಕ್ಕಿದೆಯೇನೋ, ಅದಕ್ಕೆ ಅವನು ನಕ್ಕಿದ್ದ, ನಕ್ಕು, ಹಳೇ ಫ್ರಿಜ್ಜು ಅಲ್ವಾ ಅಕ್ಕ, ಕೆಮ್ಮುತ್ತೆ, ಅಂದಿದ್ದ, ಮುಚ್ಚಳಕ್ಕೆ ಒತ್ತಿದ ಮೂಗು, ಬೇಡ, ಆ ಕೆರೆತ ಆಮೇಲೆ ಯಾವಾಗ ನಿಂತಿತು, ಯಾರು ಕೇಳಿಸಿಕೊಂಡರು, ಬಾಗಿಲ ಹಿಡಿ ತಣ್ಣಗಿದೆ, ಎಳೆದ, ಡಬ್ಬಿಯೊಳಗೆ ಉಂಡೆಯಿಲ್ಲ, ಉದ್ದಕ್ಕೆ ಬಿಚ್ಚಿಕೊಂಡ ಮೈ, ಪ್ಲಾಸ್ಟಿಕ್ಕಿನ ಒಳಗೆಲ್ಲ ಉಗುರಿನ ಗೀರು, ಉಸಿರಿಲ್ಲ, ಮುಚ್ಚಳಕ್ಕೆ ಒತ್ತಿದ ಮೂಗು, ಇನ್ನೂ ಒದ್ದೆ, ಮುಚ್ಚಳಕ್ಕೆ ಒತ್ತಿದ ಮೂಗು