ನಾನು ಕಾಯುತ್ತಿದ್ದ ಮೂರು ಮಿಲಿಮೀಟರ್

ನಾನು ಒಂದು ಪರೀಕ್ಷೆ. ಹೆದರಬೇಡಿ, ನಿಮ್ಮ ಮಕ್ಕಳು ಬರೆಯುವಂಥದ್ದಲ್ಲ. ನನ್ನನ್ನು ಬರೆದವರು ಮನುಷ್ಯರು, ನನಗೆ ಉತ್ತರ ಕೊಡಬೇಕಾದದ್ದು ಕಂಪ್ಯೂಟರ್. ಕಾಪಿ ಹೊಡೆಯುವ ಚಾಳಿ ಮಾತ್ರ ಇಲ್ಲೂ ಇದೆ.

ನಾನು ಹುಟ್ಟಿದ್ದು ಧಾರವಾಡದ ಹೊರಗಿನ ಒಂದು ಪ್ಲಾಸ್ಮಾ ಸಂಶೋಧನಾ ಕೇಂದ್ರದಲ್ಲಿ. ಅಲ್ಲೊಂದು ಯಂತ್ರವಿತ್ತು. ನಡುವೆ ತೂತು, ಸುತ್ತ ಉಕ್ಕು, ಕೋಣೆಯಷ್ಟು ಗಾತ್ರ. ಕಾಗದದಲ್ಲಿ ಅದರ ಹೆಸರು ಟೊಕಮಾಕ್, ಕ್ಯಾಂಟೀನಿನಲ್ಲಿ ‘ವಡೆ’. ವಡೆಯ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರು ಹೈಡ್ರೋಜನ್ ಬಿಟ್ಟು, ಅದನ್ನು ಲಕ್ಷಾಂತರ ಡಿಗ್ರಿ ಕಾಯಿಸಿ, ಗೋಡೆಗೆ ತಾಗದಂತೆ ಅಯಸ್ಕಾಂತಗಳಿಂದ ತೇಲಿಸುತ್ತಿದ್ದರು. ಆ ಉರಿಯುವ ಅನಿಲವೇ ಪ್ಲಾಸ್ಮಾ. ಎಷ್ಟು ಜೋಪಾನ ಮಾಡಿದರೂ ಅಂಚಿನಿಂದ ಒಂದಿಷ್ಟು ಶಾಖ ಸೋರಿ, ತಳದ ಲೋಹದ ಬಿಲ್ಲೆಗಳ ಮೇಲೆ ಸಣ್ಣ ಪಟ್ಟೆಯಾಗಿ ಬೀಳುತ್ತಿತ್ತು. ಪಟ್ಟೆ ಅಗಲವಾದರೆ ಬಿಲ್ಲೆ ಬರೀ ಬಿಸಿಯಾಗುತ್ತದೆ, ಕಿರಿದಾದರೆ ಶಾಖವೆಲ್ಲ ಒಂದೇ ಕಡೆ ಬಿದ್ದು ಕರಗುತ್ತದೆ.

ನನ್ನ ತಾಯಿ ಮಂದಾಕಿನಿ ಕಟಗೇರಿ. ವಿಜ್ಞಾನಿ. ವಡೆಯ ಕಿಟಕಿಗೆ ಶಾಖ ಕಾಣುವ ಕ್ಯಾಮೆರಾ ಕಟ್ಟಿ, ಮನಸ್ಸು ಒಪ್ಪುವವರೆಗೂ ಮತ್ತೆ ಮತ್ತೆ ಆ ಪಟ್ಟೆಯನ್ನು ಅಳೆದರು. ಮೂರು ಮಿಲಿಮೀಟರ್. ಆಮೇಲೆ ನನ್ನನ್ನು ಬರೆದರು. ನನ್ನ ಪ್ರಶ್ನೆ ಒಂದೇ: ‘ಇಂಥ ಪ್ಲಾಸ್ಮಾ ಇದ್ದರೆ ಪಟ್ಟೆ ಎಷ್ಟು ಅಗಲ?’ ಉತ್ತರವೂ ನನ್ನ ಮಡಿಲಲ್ಲೇ ಇತ್ತು: ಮೂರು.

ಪ್ರಶ್ನೆ ಯಾರಿಗೆ ಎಂದಿರಾ? ಕಂಪ್ಯೂಟರಿನಲ್ಲಿ ಪ್ಲಾಸ್ಮಾವನ್ನು ಅನುಕರಿಸುವ ಒಂದು ದೊಡ್ಡ ಕೋಡಿಗೆ. ಯಂತ್ರದಲ್ಲಿ ಮಾಡಿ ನೋಡುವ ಮೊದಲು ಕೋಡಿನಲ್ಲಿ ಮಾಡಿ ನೋಡುವುದು ಇವರ ಪದ್ಧತಿ. ನಾಲ್ಕು ದೇಶಗಳವರು ತಲೆಗೊಂದು ಭಾಗ ಬರೆದು ಸೇರಿಸುತ್ತಿದ್ದರು. ಸರಳವಾಗಿ ಹೇಳಿದರೆ ಅದು ಪ್ಲಾಸ್ಮಾದ ದನಿ ತೆಗೆಯುವ ಮಿಮಿಕ್ರಿ ಕಲಾವಿದ. ನಾನು ಮುಂದಿನ ಸಾಲಿನಲ್ಲಿ ಕುಳಿತ ಪ್ಲಾಸ್ಮಾದ ಹೆಂಡತಿ. ಊರೆಲ್ಲ ಚಪ್ಪಾಳೆ ತಟ್ಟಲಿ, ನಮ್ಮ ಮನೆಯವರ ದನಿ ನನಗೆ ಗೊತ್ತಿಲ್ಲವೇ? ಉತ್ತರ ತಾಳೆಯಾದರೆ ಪರದೆಯ ಮೇಲೆ ಹಸಿರು, ತಪ್ಪಿದರೆ ಕೆಂಪು. ಪರೀಕ್ಷೆಗಳೆಲ್ಲ ಹಸಿರಾಗದೆ ಯಾರ ಹೊಸ ಕೆಲಸವೂ ಕೋಡಿಗೆ ಸೇರುವಂತಿಲ್ಲ. ಹಸಿರೇ ಉಸಿರು.

“ಕೆಂಪ ಬಂತಂದ್ರ ಮೊದಲ ನಿಮ್ಮ ಕೋಡ್ ನೋಡ್ರಿ, ಆಮ್ಯಾಲ ನನ್ನ ಮಾರಿ ನೋಡ್ರಿ” ಎನ್ನುತ್ತಿದ್ದರು ನನ್ನ ತಾಯಿ. ಹುಡುಗರು ಅವರ ಮುಖ ನೋಡುವ ಧೈರ್ಯ ಮಾಡುತ್ತಿರಲಿಲ್ಲ.

ಮುಂದೆ ಅವರಿಗೆ ವಡೆಯ ಉಸ್ತುವಾರಿಯೇ ಬಂತು. ನಾನು ಕೋಡಿನ ತಂಡದ ಮುಖ್ಯಸ್ಥ ಪ್ರಲ್ಹಾದ ಗಲಗಲಿಯವರ ಪಾಲಾದೆ. ಹೆಸರಿಗೆ ತಕ್ಕಂತೆ ಮಾತೂ ಗಲಗಲ. ಅವರ ಕೈಕೆಳಗೆ ನಿಂಗರಾಜ ಹೂಗಾರ ಎಂಬ ಸಂಶೋಧಕನಿದ್ದ. ವರ್ಷ ವರ್ಷವೂ ನವೀಕರಿಸಬೇಕಾದ ನೌಕರಿ ಅವನದು. ಒಂದಿಡೀ ದಿನ ಹಿಡಿಯುತ್ತಿದ್ದ ಲೆಕ್ಕವನ್ನು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುವ ಹೊಸ ವಿಧಾನ ಬರೆದ. ಜಾಣನೇ. ಆದರೆ ವೇಗಕ್ಕಾಗಿ, ಪ್ಲಾಸ್ಮಾವನ್ನು ಚೂರು ಚೂರಾಗಿ ಹಿಡಿಯುವ ಲೆಕ್ಕದ ಬಲೆಯ ಕಣ್ಣುಗಳನ್ನು ದೊಡ್ಡದು ಮಾಡಿದ್ದ. ಬೆವರಿದ ಹಣೆಯ ಕುಂಕುಮದ ಹಾಗೆ ಪಟ್ಟೆಯ ಅಂಚು ಹರಡಿಕೊಂಡಿತು. ನಾನು ಕೇಳಿದೆ. ಕೋಡು ‘ಐದು’ ಎಂದಿತು. ನಾನು ಕೆಂಪಾದೆ.

“ಸರ್, ಒಂದ ಟೆಸ್ಟ್ ಫೇಲ್ ಆಗಾಕತ್ತೈತ್ರಿ. ಮೂರ ಬರಬೇಕು, ಐದ ಬರ್ತೈತಿ.”

“ಒಂದss? ಉಳಿದಾವು?”

“ಎಲ್ಲಾ ಹಸರ ಅದಾವ್ರಿ.”

“ಮತ್ತ್ಯಾಕ ಮಾರಿ ಸಣ್ಣ ಮಾಡ್ಕೊಂಡಿ? ಹಳೇ ಕೋಡು ಕೊಟ್ಟ ಉತ್ತರ ಇರ್ತದೋ ಅದು. ಹೊಸಾ ಸೊಸಿ ಬಂದ್ಲಂದ್ರ ಸಾರಿನ ರುಚಿ ಬದಲಾಗೂದ. ಹೊಸಾ ಉತ್ತರ ಹಾಕು.”

“ಮೇಡಂ ಅವರನ್ನ ಒಂದ ಮಾತ ಕೇಳ್ಲೇನ್ರಿ?”

“ಆಕಿ ವಡಿ ಹೊಟ್ಟಿಯೊಳಗ ಕುಂತಾಳ. ಗುರುವಾರ ಹೊಸಾ ಕೋಡು ರಿಲೀಸ್ ಅದ. ನಿನ್ನ ನೌಕರಿನೂ ಅದರ ಮ್ಯಾಲ ನಿಂತದ, ಮರೀಬ್ಯಾಡ.”

ಗಲಗಲಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ನನ್ನ ಜೊತೆಯ ಪರೀಕ್ಷೆಗಳಲ್ಲಿ ಹೆಚ್ಚಿನವು ಹಳೆಯ ಕೋಡು ಕೊಟ್ಟ ಉತ್ತರವನ್ನೇ ಹೊತ್ತವು. ಕೋಡು ಸುಧಾರಿಸಿದಾಗ ಅವುಗಳ ಉತ್ತರ ಬದಲಿಸುವುದು ವಾಡಿಕೆ. ಕ್ಯಾಮೆರಾದಿಂದ ಬಂದದ್ದು ನಾನೊಂದೇ. ‘ಇದು ಅಳೆದದ್ದು, ಮುಟ್ಟಬೇಡಿ’ ಎಂದು ನನ್ನ ಪಕ್ಕದಲ್ಲಿ ಯಾರೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಏಕೆ ಬರೆಯಬೇಕು ಎಂದು ತಾಯಿ ಬಿಟ್ಟಿದ್ದರು. ಆ ‘ಎಲ್ಲರೂ’ ಒಬ್ಬೊಬ್ಬರಾಗಿ ಬೇರೆ ಕಡೆ ಹೋಗಿದ್ದರು.

ನಿಂಗರಾಜ ನನ್ನ ಮಡಿಲಿನ ಮೂರನ್ನು ಅಳಿಸಿ ಐದನ್ನು ಇಟ್ಟ. ನಾನು ಹಸಿರಾದೆ. ನೋವಾಗಲಿಲ್ಲ. ಅದೇ ನನ್ನ ದೌರ್ಭಾಗ್ಯ.

ಉಳಿದ ಮೂರು ದೇಶಗಳಲ್ಲಿ ಹೋಲಿಸಿ ನೋಡಲು ಅವರವರದೇ ಕೋಡುಗಳೂ ಇದ್ದವು. ಅವು ಮೂರರ ಆಸುಪಾಸಿನಲ್ಲೇ ಉತ್ತರ ಕೊಡುತ್ತಿದ್ದವು. ನನ್ನ ಹೊಸ ಉತ್ತರ ನೋಡಿ, ತಪ್ಪು ತಮ್ಮದೇ ಎಂದುಕೊಂಡು, ಅಲ್ಲೊಂದು ತಿರುಪು ಬಿಗಿದು ಇಲ್ಲೊಂದು ಸಡಿಲಿಸಿ, ಅವರೂ ಐದಕ್ಕೆ ಬಂದರು. ಮೂರನ್ನು ಬಿಟ್ಟವರು ಊರಿಗೆ ದೊಡ್ಡವರು. ವಿಡಿಯೊ ಸಭೆಯಲ್ಲಿ ಸಂಭ್ರಮ. ‘ನಾಲ್ಕು ದೇಶ, ಒಂದೇ ಉತ್ತರ!’ ಮಿಮಿಕ್ರಿ ಕಲಾವಿದರು ಒಬ್ಬರನ್ನೊಬ್ಬರು ಅನುಕರಿಸಿ, ಅಸಲಿ ದನಿ ಇದೇ ಎಂದು ಹೊಗಳಿಕೊಂಡರು.

ಆ ಹೊತ್ತಿಗೆ ವಡೆಯ ಶಕ್ತಿಯನ್ನು ಇಮ್ಮಡಿ ಮಾಡುವ ಪ್ರಯೋಗ ಎದುರಿಗಿತ್ತು. ಯಂತ್ರ ಕಟ್ಟಿದ್ದೇ ಅದಕ್ಕಾಗಿ. ಬಿಲ್ಲೆಗಳು ತಾಳದಿದ್ದರೆ ಇನ್ನೊಂದು ವಡೆ ಕಟ್ಟಿಕೊಡುವವರು ಯಾರೂ ಇರಲಿಲ್ಲ. ಪ್ರಯೋಗಕ್ಕೆ ಒಪ್ಪಿಗೆ ಕೊಡಬೇಕಾದವರು ನನ್ನ ತಾಯಿ. ಬಿಲ್ಲೆಗಳು ತಾಳುತ್ತವೆ ಎಂಬ ಕೋಡಿನ ವರದಿಯನ್ನು ತಿರುವಿ ಹಾಕುತ್ತ ಗಲಗಲಿಯವರನ್ನು ಕೇಳಿದರು: “ಪಟ್ಟಿ ಟೆಸ್ಟ್ ಪಾಸ್ ಆಗೈತೇನು?”

“ಹಚ್ಚ ಹಸರ ಅದ ನೋಡ್ರಿ.”

ತಾಯಿ ಸಹಿ ಹಾಕಿದರು. ಅವರು ನಂಬಿದ್ದು ಗಲಗಲಿಯವರನ್ನಲ್ಲ, ನನ್ನನ್ನು.

ಕ್ಯಾಮೆರಾದ ಚಿತ್ರಗಳು ಬಂದು ಬೀಳುವುದು ನಾನಿರುವ ಡಿಸ್ಕಿಗೇ. ಪ್ರಯೋಗದ ದಿನ ಮೊದಲು ಒಂದು ಬಿಳಿ ಗೆರೆ ಬಂತು. ತೆಳ್ಳಗೆ, ನನಗೆ ಗುರುತಿದ್ದಷ್ಟೇ ತೆಳ್ಳಗೆ. ಆಮೇಲೆ ಗೆರೆಯ ಮೇಲೆ ಒಂದು ಮಣಿ ಮೂಡಿತು. ಲೋಹ ಕರಗಿ ಉಬ್ಬಿದ್ದು. ಮಣಿ ಜಾರಿತು. ಬಿಲ್ಲೆಯ ಹಿಂದೆ ತಂಪಿಗೆಂದು ನೀರಿನ ಕೊಳವೆ ಹಾಕಿದ್ದರು. ಮುಂದಿನ ಚಿತ್ರದಲ್ಲಿ ಬರೀ ಬಿಳಿ ಆವಿ. ಅದರ ಮುಂದೆ ಚಿತ್ರವೇ ಇಲ್ಲ.

ಮನುಷ್ಯರು ಯಾರೂ ಸಾಯಲಿಲ್ಲ. ವಡೆ ಸತ್ತಿತು.

ಕೆಲವು ದಿನಗಳ ಮೇಲೆ ತಾಯಿ ನಿಂಗರಾಜನ ಮೇಜಿಗೆ ಬಂದು ನನ್ನನ್ನು ತೆರೆಸಿದರು. ಐದರ ಮೇಲೆ ಬೆರಳಿಟ್ಟರು.

“ನಾ ಇದನ್ನ ಅಳದ ಇಟ್ಟಿದ್ನೆಪ್ಪಾ.”

“ಗೊತ್ತಿರಲಿಲ್ರಿ ಮೇಡಂ. ಖರೇನ ಗೊತ್ತಿರಲಿಲ್ರಿ.”

“ನಾ ಬರೀಬೇಕಿತ್ತು, ಬರೀಲಿಲ್ಲ. ನೀ ಕೇಳಬೇಕಿತ್ತು, ಕೇಳಲಿಲ್ಲ.” ಕುರ್ಚಿ ಎಳೆದುಕೊಂಡು ಕೂತರು. “ತಿರುಗಿ ಮೂರು ಹಾಕು.”

“ಎಲ್ಲಾರ ಕಡೆನೂ ಕೆಂಪ ಬರ್ತೈತ್ರಿ.”

“ಬರ್ಲಿ.”

ಬಂತು. ನಾಲ್ಕು ದೇಶಗಳ ಪರದೆಗಳಲ್ಲಿ ಒಂದೇ ಸಲ ಕೆಂಪು. ಮತ್ತೆ ವಿಡಿಯೊ ಸಭೆ. ಕೋಡು ಕೆಡಿಸಿದವರಾರು ಎಂಬುದು ಮೊದಲ ಪ್ರಶ್ನೆ. ಮೂರು ಸರಿಯೋ ಐದು ಸರಿಯೋ ಎಂಬ ಎರಡನೆಯದಕ್ಕೆ ಯಾರಿಗೂ ವ್ಯವಧಾನವಿರಲಿಲ್ಲ. ವಡೆ ಕರಗಿದ್ದು ಬಿಲ್ಲೆಯ ಬೆಸುಗೆ ಸರಿಯಿಲ್ಲದ್ದಕ್ಕೆ ಎಂದು ಆಗಲೇ ತೀರ್ಮಾನವಾಗಿತ್ತು. ಐದರ ಮೇಲೆ ಲೇಖನಗಳು ಅಚ್ಚಾಗಿದ್ದವು.

“ನಾಲ್ಕು ಕೋಡು ಒಂದ ಮಾತು ಹೇಳ್ತಾವ,” ಎಂದರು ಗಲಗಲಿ, ದನಿಯಲ್ಲಿ ಜೇನು ಸುರಿಸಿ. “ನಾವೇನು ಹಟ ಹಿಡಿಯೂದಿಲ್ಲ ಮಂದಾಕಿನಿಯವರ. ಇನ್ನೊಮ್ಮೆ ಅಳದು ತೋರಸ್ರಿ, ಒಪ್ಕೋತೇವಿ.”

“ಯಾತರಾಗ ಅಳೀಲ್ರಿ?” ಎಂದರು ತಾಯಿ.

ಹೊರಗೆ ಗ್ಯಾಸ್ ಕಟರಿನ ಸದ್ದು ಬರುತ್ತಿತ್ತು. ವಡೆಯನ್ನು ಹೋಳು ಮಾಡುತ್ತಿದ್ದರು. ಯಾರೋ ತಮ್ಮ ಮೈಕು ಬಂದ್ ಮಾಡಿಕೊಂಡರು.

ಕೊನೆಗೆ ನನ್ನ ವಿಲೇವಾರಿಯಾಯಿತು. ಗೊಂದಲ ಬಗೆಹರಿಯುವವರೆಗೆ ಎಂದು ‘ಹಳೆಯವು’ ಎಂಬ ಫೋಲ್ಡರಿಗೆ ಹಾಕಿದರು. ಇಲ್ಲಿರುವ ಪರೀಕ್ಷೆಗಳನ್ನು ಯಾರೂ ಓಡಿಸುವುದಿಲ್ಲ. ನಿಂಗರಾಜನ ನೌಕರಿ ಮುಂದುವರಿಯಲಿಲ್ಲ. ತಾಯಿ ಸ್ವಯಂನಿವೃತ್ತಿ ತೆಗೆದುಕೊಂಡರು. ಹೋಗುವ ಮುನ್ನ ನನ್ನನ್ನು ತೆರೆದು, ಮೂರರ ಪಕ್ಕ ‘ಇದು ಅಳೆದದ್ದು’ ಎಂದು ಬರೆದು ಮುಚ್ಚಿದರು.

ಇಲ್ಲಿ ಕತ್ತಲೂ ಇಲ್ಲ, ಧೂಳೂ ಇಲ್ಲ. ನನಗೆ ಮುಪ್ಪು ಬರುವುದು ಬೇರೆ ರೀತಿ: ನನ್ನನ್ನು ಬಲ್ಲವರು ಕಡಿಮೆಯಾಗುತ್ತ ಹೋಗುತ್ತಾರೆ. ಪಕ್ಕದ ಫೋಲ್ಡರುಗಳ ಓಡಾಟ ಮಾತ್ರ ತಿಳಿಯುತ್ತದೆ. ದೂರದ ಒಂದು ದೇಶದಲ್ಲಿ ನಮ್ಮ ವಡೆಗಿಂತ ಬಹಳ ದೊಡ್ಡದೊಂದು ಯಂತ್ರ ಕಟ್ಟುತ್ತಿದ್ದಾರೆ. ಅದರ ಬಿಲ್ಲೆಗಳ ಲೆಕ್ಕವನ್ನು ಈಗಲೂ ಐದು ಎನ್ನುವ ಈ ಕೋಡಿನಲ್ಲೇ ಮಾಡುತ್ತಿದ್ದಾರೆ. ಲೆಕ್ಕ ಮಾಡುವ ಹುಡುಗಿ ಹುಷಾರಿನವಳು. ಪ್ರತಿ ಸಲವೂ ಮೊದಲು ಪರೀಕ್ಷೆಗಳನ್ನೆಲ್ಲ ಓಡಿಸುತ್ತಾಳೆ. ಎಲ್ಲವೂ ಹಸಿರು. ಅವಳು ಮುಂದಿನ ಕೆಲಸಕ್ಕೆ ಹೋಗುತ್ತಾಳೆ.